ಕೋರಿಕೆಯ ನಿಲುಗಡೆ

ಈ ಕಥೆಯನ್ನು ಎಲ್ಲಿಂದ ಬಿಡಬೇಕು ಎಂದು ನನಗಿನ್ನೂ ಗೊತ್ತಾಗಿಲ್ಲ. ನೀವಂತೂ ಬಂದು ನಿಂತಿದ್ದೀರಿ. ಒಂದು ಕೆಲಸ ಮಾಡಿ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಿರಿ. ನಮ್ಮ ಕಡೆ ಟವೆಲ್ ಮೊದಲು ಹತ್ತುತ್ತದೆ, ಮನುಷ್ಯ ಆಮೇಲೆ. ಟವೆಲ್ ಬಿದ್ದ ಸೀಟಿಗೆ ಯಾರೂ ತಕರಾರು ಮಾಡುವುದಿಲ್ಲ (ಮಾಡುತ್ತಾರೆ, ಆದರೆ ಸೋಲುತ್ತಾರೆ). ಕಿಟಕಿ ಪಕ್ಕದ್ದನ್ನೇ ಹಿಡಿಯಿರಿ. ಯಾಕೆಂದು ಆಮೇಲೆ ಹೇಳುತ್ತೇನೆ, ಅಷ್ಟರಲ್ಲಿ ನನಗೇ ಗೊತ್ತಾದರೆ.

ಮೊದಲ ಕರಡು: "ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು." ಹರಿದು ಹಾಕಿದೆ. ಗಾಳಿಯಂತ್ರ ತಿರುಗಿಸಿ ಶುರು ಮಾಡಿದ ನನ್ನ ನಾಲ್ಕು ಕಥೆಗಳು ಒಂದು ಬಲ್ಬನ್ನೂ ಹೊತ್ತಿಸದೆ ಬಿದ್ದಿವೆ.

ಎರಡನೆಯ ಕರಡನ್ನು ಬಸ್ಸಿನ ಬಾಯಿಂದಲೇ ಹೇಳಿಸಿದ್ದೆ. ಅನುವಾದದ ಕಾದಂಬರಿಗಳನ್ನು ಓದಿ ಓದಿ ನನಗೆ ಬಂದ ಕಾಯಿಲೆ ಇದು. ಮೂರನೆಯ ಪುಟಕ್ಕೆ ಬಸ್ಸು ತನ್ನ ಬಾಲ್ಯ ನೆನೆಯತೊಡಗಿತು. ಅದನ್ನು ಅಲ್ಲೇ ಇಳಿಸಿ ಬಂದೆ.

೧

ಬೆಟಗೇರಿಯ ವಿದ್ಯಾಶ್ರೀಗೆ ಇಪ್ಪತ್ತಮೂರು ವರ್ಷ. ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ ಆಡುತ್ತಾಳೆ: ರಸ್ತೆ ಎಳೆಯುವುದು, ಮನೆ ಏಳಿಸುವುದು, ಬಸ್ಸು ಬಿಡುವುದು. ಅವಳ ಅಪ್ಪ ಕುಬೇರಪ್ಪ ನಿಜವಾದ ಬಸ್ಸು ಬಿಡುತ್ತಾನೆ. ಮುಂಡರಗಿಯಿಂದ ಡಂಬಳದ ಮೇಲೆ ಗದಗ, ಹತ್ತೊಂಬತ್ತು ವರ್ಷ.

ಡಂಬಳಕ್ಕೆ ಮೂರು ಕಿಲೋಮೀಟರ್ ಮೊದಲು ಒಂದು ಬೇವಿನ ಗಿಡವಿದೆ. ಬೋರ್ಡಿಲ್ಲ, ಶೆಡ್ಡಿಲ್ಲ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅಲ್ಲಿ ಕಳಕವ್ವ ಎಂಬಾಕೆ ಹತ್ತರಕಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೈ ಮಾಡುತ್ತಾಳೆ, ಬಸ್ಸು ನಿಲ್ಲುತ್ತದೆ. ಇದಕ್ಕೆ ಕಾಗದದಲ್ಲಿ 'ಕೋರಿಕೆಯ ನಿಲುಗಡೆ' ಎಂಬ ಚಂದದ ಹೆಸರಿದೆ. ಬಾಯಲ್ಲಿ ಇಷ್ಟೇ: ಕೈ ಮಾಡಿದ್ರ ನಿಲ್ಲತೈತಿ.

ಗುರುವಾರ ಕಂಟ್ರೋಲರ್ ಮುತ್ತಣ್ಣ (ನಾನೇ ಹುಟ್ಟಿಸಿದ ಡಿಪೋಕ್ಕೆ ನಾನೇ ನೇಮಿಸಿದ ಮನುಷ್ಯ) ಕುಬೇರಪ್ಪನನ್ನು ಕರೆದ.

"ನಿನ್ನ ರೂಟ್ ಲುಕ್ಸಾನದಾಗ ಐತಿ. ಸೋಮವಾರದಿಂದ ಕೋರಿಕಿ ಗೀರಿಕಿ ಎಲ್ಲಾ ಬಂದ್."

"ಲಾಭದಾಗ ತೋರಿಸಿದ್ರ ಸಾಹೇಬ್ರ?"

"ತೋರಸು. ಆ ಬೇವಿನ ಗಿಡಕ್ಕ ನಾನೇ ನಿಂತು ಬೋರ್ಡ್ ಬಡಸ್ತೀನಿ."

ತೋರಿಸದಿದ್ದರೆ ಕಳಕವ್ವ ದಿನಾ ಬುಟ್ಟಿ ಹೊತ್ತು ಡಂಬಳಕ್ಕೆ ನಡೆಯಬೇಕು. ಅಷ್ಟೊತ್ತಿಗೆ ಬಸ್ಸು ಹೋಗಿರುತ್ತದೆ, ಮುಂದಿನ ಬಸ್ಸಿನ ಹೊತ್ತಿಗೆ ಸೊಪ್ಪು ಬಾಡಿರುತ್ತದೆ. ಕುಬೇರಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದ: "ಯವ್ವಾ, ನಿನ್ನ ಆಟದಾಗ ನಮ್ಮ ರೂಟ್ ಹಾಕಾಕ ಬರತೈತೇನು?"

೨

ಬಂತು. ವಿದ್ಯಾಶ್ರೀ ಒಂದೇ ದಿನದಲ್ಲಿ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವನ್ನೂ ಎಬ್ಬಿಸಿದಳು. ಲಕ್ಷ್ಮೇಶ್ವರದ ಲೈನು ಹಸಿರು, ಶಿರಹಟ್ಟಿಯದೂ ಹಸಿರು, ಅಂದರೆ ಲಾಭ. ಮುಂಡರಗಿಯದು ಕೆಂಪು. ಕೆಂಪಂದರೆ ಹಣ್ಣು ಮೆಣಸಿನಕಾಯಿಯ ಕೆಂಪಲ್ಲ, ಒಣಗಿದ್ದರದ್ದು.

ತಪ್ಪು ಎಲ್ಲಿ ಆಯಿತೆಂದರೆ, "ಬಸ್ ಎಲ್ಲೆಲ್ಲಿ ನಿಲ್ಲತೈತಿ ಅಪ್ಪಾ?" ಎಂದು ಕೇಳಿದಳು. ಕುಬೇರಪ್ಪ ಕಣ್ಣು ಮುಚ್ಚಿ, ಕೈಯಲ್ಲಿ ಇಲ್ಲದ ಸ್ಟೇರಿಂಗ್ ಹಿಡಿದು, ಕೈ ಮಾಡುವವರನ್ನೆಲ್ಲ ಎಣಿಸಿದ. ನಲವತ್ತೊಂದು. ಅವಳು ನಲವತ್ತೊಂದು ಸ್ಟಾಪ್ ಹಾಕಿದಳು.

ಆಟದ ಬಸ್ಸಿಗೆ ಕೈ ಮಾಡುವುದು ತಿಳಿಯದು. ಸ್ಟಾಪ್ ಇದ್ದರೆ ನಿಲ್ಲುತ್ತದೆ, ಮನುಷ್ಯ ಇರಲಿ ಬಿಡಲಿ. ಪರೀಕ್ಷೆಗೆಂದು ಮುಂಡರಗಿಯಲ್ಲಿ ಹತ್ತಿದ ಕಾಲೇಜು ಹುಡುಗಿ ಗದಗಿನಲ್ಲಿ ಪಿಂಚಣಿದಾರಳಾಗಿ ಇಳಿದಳು. (ಅವಳದೇ ಒಂದು ಕಾದಂಬರಿ ಆಗುತ್ತದೆ. ಬೇಡ, ಇಳಿಯಲಿ.)

ಕುಬೇರಪ್ಪನಿಗೆ ಬೇರೆಯದೇ ಚಿಂತೆ. "ಇವ್ರು ಯಾಕ ಹಿಂಗ ಸಾಲಾಗಿ ನಿಂತಾರ?"

"ಕ್ಯೂ ಅಪ್ಪಾ."

"ಟವೆಲ್ ಇಲ್ಲೇನು ಪಾಪ ಅವ್ರ ಹತ್ರ?"

೩

ಸ್ಟಾಪ್ ತೆಗೆಯಲು ಕೂತರು.

"ಇದನ್ನ ತೆಗೀಲಿ?"

"ಅದು ಉಡಚಪ್ಪನ ಬದು. ಅಂವಂಗ ಮೊಣಕಾಲು ಬ್ಯಾನಿ."

"ಇದು?"

"ಖಾಜಾಸಾಬನ ವೆಲ್ಡಿಂಗ್ ಅಂಗಡಿ. ಹಬ್ಬಕ್ಕ ಸುರಕುಂಬಾ ಕುಡಸ್ತಾನ."

"ಅಪ್ಪಾ, ಹಿಂಗಾದ್ರ ಲಾಭ ಆಗೂದಿಲ್ಲ. ಇದು?"

"ತೆಗಿ. ಅಂವಾ ನಂಗ ಚಿಲ್ಲರ ವಿಷಯಕ್ಕ ಬೈದಿದ್ದ."

ಹೀಗೆ ಒಂದು ಸ್ಟಾಪ್ ಹೋಯಿತು. ಉಳಿದದ್ದಕ್ಕೆ ವಿದ್ಯಾಶ್ರೀ ಬೇರೆ ದಾರಿ ಹಿಡಿದಳು. ಟಿಕೆಟ್ ದರ ಏರಿಸಿದಳು, ಆಟದ ಜನ ತಮ್ ತಮ್ ಆಟೋ ಹತ್ತಿ ಹೋದರು. ಇಳಿಸಿದಳು, ಎಷ್ಟು ಜನ ಬಂದರೆಂದರೆ ಬಸ್ ಸ್ಟ್ಯಾಂಡ್ ದಾಟಿ ಕ್ಯೂ ಕೆರೆಯೊಳಗೆ ಇಳಿಯಿತು, ಆದರೂ ಕೆಂಪು. ಸಣ್ಣ ಬಸ್ಸು ಬಿಟ್ಟಳು. ಉದ್ದ ಬಸ್ಸು ಬಿಟ್ಟಳು, ಅದು ಡಂಬಳದ ತಿರುವಿನಲ್ಲಿ ತನ್ನ ಬಾಲವನ್ನೇ ತಾನು ನೋಡಿ ನಿಂತುಬಿಟ್ಟಿತು.

ಕೊನೆಗೆ ಶನಿವಾರ ಮಧ್ಯಾಹ್ನ ಅಪ್ಪ ನೀರು ಕುಡಿಯಲು ಎದ್ದಾಗ ಪಟಪಟ ಮೂವತ್ತೊಂದು ಸ್ಟಾಪ್ ಅಳಿಸಿದಳು. ಉಳಿದದ್ದು ಎಂಟು ಮತ್ತು ಬೇವಿನ ಗಿಡ. ಒಂಬತ್ತಕ್ಕೆ ಲೈನು ಕೆಂಪು. ಬೇವಿನ ಗಿಡ ತೆಗೆದರೆ ಹಸಿರು. ಹಾಕಿದರೆ ಕೆಂಪು. ತೆಗೆದರೆ ಹಸಿರು. ಸಿಗ್ನಲ್ ದೀಪದ ಮುಂದೆ ಕೂತಂತೆ ಅಪ್ಪ ಮಗಳು ಅರ್ಧ ಗಂಟೆ ಕೂತರು.

೫

(ನಾಲ್ಕನೆಯ ಭಾಗದಲ್ಲಿ ಯಾರೂ ಕೈ ಮಾಡಲಿಲ್ಲ, ನಿಲ್ಲಿಸಲಿಲ್ಲ.)

ಮೊದಲನೆಯ ಮುಕ್ತಾಯ. ವಿದ್ಯಾಶ್ರೀ ಬೇವಿನ ಗಿಡದ ಸುತ್ತ ಜನ ತುಂಬಿಸುತ್ತಾಳೆ. ಒಂದು ಬಡಾವಣೆ, ಒಂದು ಕಾಲೇಜು, ಸಾಲದೆಂದು ಒಂದು ಮಾಲ್, ಅದೂ ಸಾಲದೆಂದು ವಿಮಾನ ನಿಲ್ದಾಣ. ಲೈನು ಹಚ್ಚಹಸಿರು. ಭಾನುವಾರ ಮುತ್ತಣ್ಣ ಮನೆಗೆ ಬಂದು, ಮಿರ್ಚಿ ಭಜಿ ತಿನ್ನುತ್ತ, ಬಹಳ ಹೊತ್ತು ಪರದೆ ನೋಡುತ್ತಾನೆ.

"ವಿಮಾನ ಬರತಾವಲ್ಲ ಇಲ್ಲಿ."

"ಹೌದ್ರಿ ಸರ."

"ಮತ್ತ ಬಸ್ ಯಾಕ ಬೇಕು?"

ಅಷ್ಟೇ ಅಲ್ಲ. ರಸ್ತೆ ಅಗಲವಾಗಿ ಬೇವಿನ ಗಿಡವೇ ಹೋಗಿದೆ. ಆಟದ ಕಳಕವ್ವ ಹನ್ನೊಂದನೆಯ ಮಹಡಿಗೆ ಹೋಗಿ ಕಾರು ಕೊಂಡಿದ್ದಾಳೆ. ಈ ಮುಕ್ತಾಯ ನನಗೆ ಬಹಳ ಇಷ್ಟವಾಗಿತ್ತು. ಬಿಟ್ಟೆ.

ಎರಡನೆಯ ಮುಕ್ತಾಯ. ವಿದ್ಯಾಶ್ರೀ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಾಳೆ: ಎಂಟು ಸ್ಟಾಪ್, ಹಸಿರು. ಮುತ್ತಣ್ಣ ಭಜಿಯ ಎಣ್ಣೆ ಒರೆಸಿಕೊಂಡು ಎಂಟೂ ಹೆಸರು ಬರೆದುಕೊಳ್ಳುತ್ತಾನೆ. "ಶ್ಯಾಣ್ಯಾಕಿ ಅದಿ ನೀ," ಎನ್ನುತ್ತಾನೆ. ಆ ಮಾತಿಗೆ ಅವಳ ಮುಖ ಸಣ್ಣದಾಗುತ್ತದೆ. ಕಥೆ ಗಂಭೀರವಾಗುತ್ತದೆ, ಪೂರ್ಣವಿರಾಮ.

ಇದೇ ಸರಿ ಎಂದು ಪೆನ್ನು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಎರಡು ಸಾಲುಗಳ ನಡುವೆ ಯಾರೋ ಕೈ ಮಾಡಿದರು. ನಿಲ್ಲಿಸಿದೆ. ಕಳಕವ್ವ.

"ಏ ತಮ್ಮಾ, ಆ ಹುಡುಗಿ ಮಾರಿ ಯಾಕ ಸಣ್ಣದು ಮಾಡಿದಿ?"

"ನಿನ್ನ ಸ್ಟಾಪ್ ಹೋತಲ್ಲವ್ವಾ."

"ನನ್ನ ಸ್ಟಾಪು, ನನ್ನ ಕೇಳಿದ್ರೇನು ಯಾರರೆ? ಮೂರು ದಿನದಿಂದ ನೀವಷ್ಟs ಪರದಿ ನೋಡಿಕೋತ ಕುಂತೀರಿ. ನೀ ಏನ್ ಕೆಲಸ ಮಾಡಾಂವ?"

"ಕಥಿ ಬರಿಯಾಂವ."

"ಅದರಾಗ ನಿನ್ನ ಮಾತು ನಡೀತೈತೇನು?"

"ಒಮ್ಮೊಮ್ಮೆ."

"ಹಂಗಾರ ಗಿಡದ ಹತ್ರ ರಸ್ತಾಕ್ಕ ಒಂದು ಹಂಪ್ ಹಾಕು."

"ಹಂಪ್?"

"ಹಂಪ್ ಬಂದ್ರ ಬಸ್ ಮೆಲ್ಲಕ ಆಗಾಕs ಬೇಕು. ಮೆಲ್ಲಕ ಆದ್ರ ಅದೇನು ನಿಂತಂಗಲ್ಲ. ಮುತ್ತಣ್ಣನ ಕಾಗದದಾಗ ಹಂಪಿನ ಸುದ್ದಿ ಐತೇನು, ನೋಡು."

ನೋಡಿದೆ. ಇರಲಿಲ್ಲ. ಆ ಕಾಗದ ಬರೆದವನು ನಾನೇ, ನನಗೇ ಹೊಳೆದಿರಲಿಲ್ಲ.

"ಓಡೋ ಬಸ್ ಹತ್ತಾಕ ನಿನಗ ಆಕ್ಕೈತೇನವ್ವಾ, ಈ ವಯಸ್ಸಿನಾಗ?"

"ನಾ ಯಾಕ ಓಡ್ಲಿ? ನಾ ಹತ್ತೂದಿಲ್ಲ ಮೊದ್ಲು. ಬುಟ್ಟಿ ಹತ್ತತೈತಿ."

೬

ಇಡೀ ಊರಿಗೆ ಊರೇ ಎಬ್ಬಿಸುವ ವಿದ್ಯಾಶ್ರೀಯ ಆಟದಲ್ಲಿ ಹಂಪ್ ಹಾಕುವ ಬಟನ್ ಇಲ್ಲ. ನನ್ನ ಬಳಿ ಇದೆ. ಕಂಸ. ಸರಿಯಾಗಿ ನೋಡಿ, ವಾಕ್ಯ ಓಡುತ್ತಿರುವಾಗ ಅಡ್ಡ ಬಂದು ನಿಮ್ಮನ್ನು ಮೆಲ್ಲಗೆ ಮಾಡುವುದು ಅದೊಂದೇ. ಇಷ್ಟು ಹೊತ್ತು ಅವನ್ನು ಜಾಣತನಕ್ಕೆ ಖರ್ಚು ಮಾಡಿದೆ, ಒಂದನ್ನಾದರೂ ಕೆಲಸಕ್ಕೆ ಬರುವಂತೆ ಹಾಕುತ್ತೇನೆ.

ಸೋಮವಾರ, ಏಳೂ ಹದಿನೆಂಟು. ಕುಬೇರಪ್ಪ ಸ್ಟೇರಿಂಗ್ ಹಿಡಿದಿದ್ದಾನೆ. ಮುತ್ತಣ್ಣ ಹೊಸ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿದ್ದಾನೆ. ಅಪ್ಪನ ಜೊತೆ ಬಂದ ವಿದ್ಯಾಶ್ರೀ ನಿಮ್ಮ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಾಳೆ. ದೂರದಲ್ಲಿ ಗಿಡ ಕಾಣಿಸಿತು. ಗಿಡದ ಕೆಳಗೆ ಕೈ ಕಾಣಿಸಿತು.

"ನಿಲ್ಲಿಸಬ್ಯಾಡ," ಮುತ್ತಣ್ಣ ಪಟ್ಟಿಯಿಂದ ತಲೆ ಎತ್ತದೆ ಹೇಳಿದ.

"ನಿಲ್ಲಿಸೂದಿಲ್ರಿ ಸಾಹೇಬ್ರ," ಎಂದ ಕುಬೇರಪ್ಪ. ನಿಲ್ಲಿಸಲಿಲ್ಲ. ಹಾಗೇ ಮುಂದೆ

(

)

ಗಡಗಡ ಅಂತು. ಬಸ್ಸು ಮೆಲ್ಲಗಾಯಿತು. "ಇದ್ಯಾವಾಗ ಹಾಕಿದ್ರು?" ಎಂದು ಮುತ್ತಣ್ಣ ಪೆಟ್ಟಾದ ತಲೆ ಉಜ್ಜಿಕೊಂಡ.

ಈಗ ನೀವು. ಟವೆಲ್ ಹಾಕಿ ಕಿಟಕಿ ಪಕ್ಕ ಕೂತವರು ನೀವೇ ಅಲ್ಲವೆ? ಹೊರಗೆ ಕಳಕವ್ವ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, "ಹಿಡೀರಿ ಸ್ವಲ್ಪ," ಎಂದು ಬುಟ್ಟಿಯನ್ನು ಒಳಗೆ ತಳ್ಳಿದಳು, ನೀವು ಹಿಡಿದಿರಿ. ನಮ್ಮ ಕಡೆ ಯಾರೇ ಆಗಲಿ ಹಿಡಿಯುತ್ತಾರೆ, ಹಿಡಿದ ಮೇಲೆ ಯೋಚಿಸುತ್ತಾರೆ. ಬುಟ್ಟಿ ಒಳಗಿದೆ, ಕಳಕವ್ವ ಹೊರಗಿದ್ದಾಳೆ. ಹಂಪ್ ಮುಗಿಯಿತು. ಕುಬೇರಪ್ಪನ ಕಾಲು ಯಾವ ಪೆಡಲಿನ ಮೇಲೂ ಇಲ್ಲ, ಅವನು ಕನ್ನಡಿಯಲ್ಲಿ ನಿಮ್ಮನ್ನೇ ನೋಡುತ್ತಿದ್ದಾನೆ. ಮುತ್ತಣ್ಣನೂ ಹಿಂದೆ ತಿರುಗಿದ. ವಿದ್ಯಾಶ್ರೀ ಮೊಣಕೈಯಿಂದ ನಿಮ್ಮನ್ನು ತಿವಿದಳು. ನಾನು ಇಲ್ಲೊಂದು ಫುಲ್ ಸ್ಟಾಪ್ ಇಡಬಹುದಿತ್ತು, ಆದರೆ ನಮ್ಮ ರೂಟಿನಲ್ಲಿ ಬಸ್ ಫುಲ್ ಇದ್ದರೆ ಸ್ಟಾಪ್ ಇರುವುದಿಲ್ಲ, ಮತ್ತು ಕೋರಿಕೆ ಈಗ ಕಳಕವ್ವನದಲ್ಲ, ನಿಮ್ಮದು, ಸೊಪ್ಪಿನ ನೀರು ನಿಮ್ಮ ಮೊಣಕಾಲಿಗೆ ಇಳಿಯುತ್ತಿದೆ, ಆಕೆ ನಾಲ್ಕು ಹೆಜ್ಜೆ ಹಿಂದುಳಿದಿದ್ದಾಳೆ, ಈಗ ಐದು, ಹೇಳ್ರಿ ಏನರೆ