ಕೊನೆಯ ಪುಸ್ತಕ

"ನನ್ನ ಪುಸ್ತಕ ಎಲ್ಲೇ, ನಗ್ಲಾ?"

ಚಪ್ಪಲಿ ಕಳಚುತ್ತಲೇ ಕೇಳಿದಳು ಬಹೀಜಾ ಚಿಕ್ಕಮ್ಮ. ಅಕ್ಕ, ಅಂದರೆ ನಗ್ಲಾಳ ಅತ್ತೆ, ತೀರಿಹೋಗಿ ನಲವತ್ತನೆಯ ದಿನವೆಂದು ಹಳ್ಳಿಯಿಂದ ಸೊಹಾಗ್ ಪಟ್ಟಣಕ್ಕೆ ವ್ಯಾನಿನಲ್ಲಿ ಇಕ್ಕಟ್ಟಿಗೆ ಕೂತು ಬಂದಿದ್ದಳು. ಕಂಕುಳಲ್ಲಿ ರೊಟ್ಟಿಯ ಗಂಟು.

ನಗ್ಲಾ ಬೀರುವಿನ ಮೇಲಿದ್ದ ಅತ್ತೆಯ ಮರದ ಪೆಟ್ಟಿಗೆಯತ್ತ ನೋಡಿದಳು. ಕುರಾನಿನ ಮೂವತ್ತು ಭಾಗಗಳು ಮೂವತ್ತು ತೆಳು ಪುಸ್ತಕಗಳಾಗಿ ಅದರಲ್ಲಿದ್ದವು. ಮನೆಯಲ್ಲಿ ಯಾರೇ ಸತ್ತರೂ ಪೆಟ್ಟಿಗೆ ಕೈಯಿಂದ ಕೈಗೆ ಹೋಗಿ, ಆಳಿಗೊಂದರಂತೆ ಓದಿ, ಸತ್ತವರ ಹೆಸರಿನಲ್ಲಿ ಇಡೀ ಕುರಾನು ಮುಗಿಯುತ್ತಿತ್ತು. ಕೊನೆಯ ಪುಸ್ತಕ ಯಾವಾಗಲೂ ಚಿಕ್ಕಮ್ಮನದು. ಓದು ಬಾರದ ಅವಳಿಗೆ ಬಾಯಿಪಾಠವಿದ್ದದ್ದು ಅದೊಂದೇ ಭಾಗ. ಕಲಿಸಿದವಳು ಈ ಅಕ್ಕನೇ.

"ಈಗ ಫೋನಲ್ಲೇ ಹಂಚ್ಕೋತೀವಿ, ಚಿಕ್ಕಮ್ಮ. ವಾಟ್ಸಾಪ್ ಗುಂಪು ಮಾಡಿದ್ದೆ. ಕುವೈತು, ಕೈರೋ, ಎಲ್ಲಾ ಕಡೆಯೋರೂ ಇದ್ದಾರಲ್ಲ."

"ನಾನೂ ಇದ್ದೀನಲ್ಲ."

"ನಿಮ್ಮ ಫೋನಲ್ಲಿ ಅದು ಬರಲ್ಲ."

"ನನ್ನ ಫೋನಿಗೆ ಬರೀ ಕೂಗೋದು ಗೊತ್ತು, ನಿಮ್ಮ ಚಿಕ್ಕಪ್ಪನ ಹಾಗೆ. ಒಂದ್ಸಲ ಕೂಗಿಸಬಾರದಿತ್ತಾ?" ನಕ್ಕಳು. "ಹೋಗ್ಲಿ, ನನ್ನ ಭಾಗ ಉಳಿಸಿದ್ದೀ ತಾನೆ?"

"ಸಣ್ಣ ಸಣ್ಣ ಅಧ್ಯಾಯ ಅಂತ ಕುವೈತಿನಲ್ಲಿರೋ ಮೈದುನ ರಿದಾ ಮೊದಲೇ ಹಿಡ್ಕೊಂಡ."

"ಅವನಾ! ತೊಡೆ ಮೇಲೆ ಕೂರಿಸ್ಕೊಂಡು ಅದನ್ನ ಅವನಿಗೆ ಹೇಳಿಕೊಟ್ಟೋಳು ನಾನು." ನಗು ನಿಂತಿತು. "ಓದಿಬಿಟ್ಟನಾ?"

ಓದಿದ್ದನೋ ಇಲ್ಲವೋ, ಗುಂಪಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಓದಿಯಾಯಿತೆಂಬ ಹಸಿರು ಗುರುತು ಬಿದ್ದಿತ್ತು. ನಗ್ಲಾಳ ಹೆಸರಿನ ಮುಂದೆಯೂ. ಅವತ್ತು ಮಗುವಿಗೆ ಜ್ವರ, ಬಕೆಟಿನಲ್ಲಿ ನೆನೆದ ಬಟ್ಟೆ. ಆಮೇಲೆ ಓದಿದರಾಯಿತೆಂದು ಗುರುತು ಒತ್ತಿದ್ದಳು. ಆ ಆಮೇಲೆ ಬಂದಿರಲಿಲ್ಲ.

ಇನ್ನೂ ಮುಗಿದಿಲ್ಲ, ಬನ್ನಿ, ಕೂತು ಓದೋಣ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗೆ ಗಂಡ ಫತ್ಹಿ ಚಹಾ ಕುಡಿಯುತ್ತಾ ಕೂತಿದ್ದ. ಸತ್ತದ್ದು ಅವನ ತಾಯಿ.

"ಎಲ್ಲ ಮುಗೀತು, ಚಿಕ್ಕಮ್ಮ. ಕೊನೆಯ ದುವಾ ಕೂಡ ನಿನ್ನೆಯೇ ಆಯ್ತು."

"ದುವಾನೂ ಆಯ್ತಾ?" ಬಹೀಜಾ ರೊಟ್ಟಿಯ ಗಂಟನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಅದನ್ನಾದರೂ ಕೇಳಿಸು, ಮಗಳೇ."

ನಗ್ಲಾ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ರಿದಾನ ದನಿ. ಚಿಕ್ಕಮ್ಮ ಅದರ ಮುಂದೆ ಕೂತು ಎರಡೂ ಅಂಗೈ ಬಿಡಿಸಿದಳು. ಓದಿದವರ ಹೆಸರುಗಳು ಒಂದೊಂದಾಗಿ ಬಂದವು, ದೇವರು ಇವರ ಓದನ್ನು ಒಪ್ಪಿಕೊಳ್ಳಲಿ ಎಂದು. ಒಂದೊಂದಕ್ಕೂ ಅವಳು "ಆಮೀನ್" ಅಂದಳು. ನಗ್ಲಾಳ ಹೆಸರಿಗೆ ತುಸು ಜೋರಾಗಿಯೇ ಅಂದಳು.

ದನಿ ನಿಂತಿತು. ಸ್ವಲ್ಪ ಹೊತ್ತಿಗೆ ಫೋನಿನ ಬೆಳಕೂ ಆರಿತು. ಅವಳ ಅಂಗೈಗಳು ಬಿಚ್ಚಿಕೊಂಡೇ ಇದ್ದವು.