ನೋವು ನಿಂತ ಹಲ್ಲು

ನಮ್ಮಮ್ಮ ಟೈಲರ್. ಬೀದಿಗೆಲ್ಲ ಅವಳು ಟೈಲರಮ್ಮ. ಮೇಜಿನ ಮೇಲೆ ಎರಡು ಕತ್ತರಿ ಇದ್ದರೂ ದಾರ ತುಂಡು ಮಾಡುವುದು ಮಾತ್ರ ಹಲ್ಲಿನಿಂದಲೇ. ಗುಂಡುಪಿನ್ನುಗಳ ಜಾಗವೂ ಬಾಯಿಯೇ. ನಾಲ್ಕೈದು ಪಿನ್ ಕಚ್ಚಿಕೊಂಡೇ ಅಳತೆ ಹೇಳುತ್ತಾಳೆ, ಗಿರಾಕಿಗಳ ಜೊತೆ ನಗುತ್ತಾಳೆ, ಅಪ್ಪನನ್ನು ಬೈಯುತ್ತಾಳೆ. ಆ ತೊದಲು ಮಾತು ನಮಗೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಪಿನ್ ತೆಗೆದು ಸ್ಪಷ್ಟವಾಗಿ ಮಾತಾಡಿದ ದಿನ ಅಪ್ಪ ಹೆದರುತ್ತಿದ್ದ. ನಿಜವಾಗಿ ಸಿಟ್ಟು ಬಂದಿದೆ ಅಂತ ಅರ್ಥ.

ಶಾಲೆ ಶುರುವಾಗುವ ಮುಂಚಿನ ವಾರ. ಅಂಗಡಿ ತುಂಬ ಯೂನಿಫಾರ್ಮ್ ಬಟ್ಟೆ. ಅಮ್ಮ ಹೊಲಿಯುತ್ತಿದ್ದಳು, ನಾನು ಗುಂಡಿ ಹಾಕುತ್ತಿದ್ದೆ, ಅಪ್ಪ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಅಮ್ಮನ ಬಲಗಡೆಯ ದವಡೆ ಹಲ್ಲು ಹದಿನೈದು ದಿನದಿಂದ ನೋಯುತ್ತಿತ್ತು. ಅವಳು ಎಡಗಡೆಯಲ್ಲಿ ಅಗಿಯಲು ಶುರು ಮಾಡಿದ್ದಳು. ಅಷ್ಟೇ ಅವಳ ಚಿಕಿತ್ಸೆ!

ನಮ್ಮ ಮಹಡಿಯ ಮೇಲೆ ಒಬ್ಬ ನರ್ಸಕ್ಕ ಇದ್ದಾಳೆ. ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವಳು ಅಮ್ಮ ಕೆನ್ನೆ ಹಿಡಿದುಕೊಂಡಿದ್ದನ್ನು ನೋಡಿದಳು.

"ಅಕ್ಕಾ, ಒಸಡಲ್ಲಿ ರಕ್ತ ಬರತ್ತಾ?"

"ಬ್ರಶ್ ಮಾಡ್ದಾಗ ಯಾರಿಗೆ ಬರಲ್ಲ ಹೇಳು?"

"ಒಸಡು ಚೆನ್ನಾಗಿದ್ರೆ ಬರಲ್ಲ. ನಿಮಗೆ ಶುಗರ್ ಬೇರೆ ಇದೆ. ಮಾತ್ರೆ ತಗೊಂಡ್ರೂ ಇಳೀತಿಲ್ಲ ಅಂತ ಮೊನ್ನೆ ಗೋಳಾಡ್ತಿದ್ರಲ್ಲ? ಒಸಡಲ್ಲಿ ಕೀವಿದ್ರೆ ಶುಗರ್ ಹತೋಟಿಗೆ ಬರೋದು ಕಷ್ಟ. ಶುಗರ್ ಏರಿದ್ರೆ ಒಸಡು ಇನ್ನೂ ಕೆಡತ್ತೆ. ಒಂದಕ್ಕೊಂದು ಕುಮ್ಮಕ್ಕು."

"ಬಿಡಮ್ಮ! ಹಲ್ಲಿರೋದು ಬಾಯಲ್ಲಿ, ಶುಗರ್ ಇರೋದು ರಕ್ತದಲ್ಲಿ. ಎಲ್ಲಿಂದೆಲ್ಲಿಗೆ ಸಂಬಂಧ?"

"ಬಾಯೇನು ಬೇರೆ ಊರಲ್ಲಿದ್ಯಾ ಅಕ್ಕಾ? ಅಲ್ಲೂ ಅದೇ ರಕ್ತ ತಾನೇ ಓಡೋದು?"

ಅಪ್ಪ ಕಿಸಕ್ಕನೆ ನಕ್ಕ. "ಈ ಯೂನಿಫಾರ್ಮ್ ಮುಗೀಲಿ, ಹೋಗ್ತೀನಿ" ಎಂದು ಅಮ್ಮ ಮಿಷನ್ ತುಳಿಯತೊಡಗಿದಳು.

ಎರಡು ದಿನ ಕಳೆದು ನೋವು ಒಮ್ಮೆಲೇ ನಿಂತಿತು. "ನೋಡಿದ್ರಾ, ತಾನಾಗೇ ಹೋಯ್ತು!" ಅಂದಳು ಅಮ್ಮ. ನನಗೂ ಖುಷಿ. ಮೆಟ್ಟಿಲ ಹತ್ತಿರ ಸಿಕ್ಕ ನರ್ಸಕ್ಕನಿಗೆ ಹೇಳಿದರೆ ಅವಳ ಮುಖ ಸಪ್ಪಗಾಯಿತು.

"ಅಷ್ಟು ನೋಯ್ತಿದ್ದಿದ್ದು ಒಮ್ಮೆಲೇ ನಿಲ್ತಾ? ಹಲ್ಲಿನೊಳಗಿನ ನರ ಸತ್ತಿರಬಹುದು ಕಣೇ. ನೋವು ಹೋಗತ್ತೆ, ಕೀವು ಹೋಗಲ್ಲ. ಅದು ಸದ್ದಿಲ್ಲದೆ ಕೆಳಗಿಳಿಯತ್ತೆ. ಇವತ್ತೇ ಕರ್ಕೊಂಡು ಹೋಗು."

ಬಂದು ಹೇಳಿದೆ. "ದಿನಾ ರೋಗಿಗಳ ಮಧ್ಯೆ ಇದ್ದೂ ಇದ್ದೂ ಅವಳಿಗೆ ಎಲ್ರೂ ರೋಗಿಗಳ ಥರಾನೇ ಕಾಣ್ತಾರೆ" ಅಂದಳು ಅಮ್ಮ. ನಾನು ಹಟ ಹಿಡಿಯಲಿಲ್ಲ. ಹಿಡಿಯಬೇಕಿತ್ತು. ಅದು ಈಗಲೂ ನನ್ನನ್ನು ಸುಡುತ್ತದೆ.

ಮರುದಿನ ಗದ್ದದ ಕೆಳಗೆ ಊದಿಕೊಂಡಿತು. ಅಪ್ಪ ಮಡಿಸಿದ ಬಟ್ಟೆಯನ್ನು ಇಸ್ತ್ರಿಯಲ್ಲಿ ಬಿಸಿ ಮಾಡಿ ಮಾಡಿ ಶಾಖ ಕೊಟ್ಟ. ಅದರ ಮಾರನೆಯ ದಿನ ಮಧ್ಯಾಹ್ನ ಅಮ್ಮ ನನಗೇನೋ ಹೇಳಿದಳು. ಅರ್ಥವಾಗಲಿಲ್ಲ.

"ಪಿನ್ ತೆಗ್ದು ಮಾತಾಡಮ್ಮ" ಎಂದೆ, ತಲೆ ಎತ್ತದೆ.

ಮತ್ತೆ ಅದೇ ಗೊಗ್ಗರು ದನಿ. ರೇಗಿ ತಿರುಗಿದೆ. ಅಮ್ಮ ಕಷ್ಟಪಟ್ಟು ಬಾಯಿ ತೆರೆದು ತೋರಿಸಿದಳು. ಒಂದು ಬೆರಳಷ್ಟೂ ತೆರೆಯಲಿಲ್ಲ. ಒಳಗೆ ಒಂದು ಪಿನ್ನೂ ಇರಲಿಲ್ಲ. ನಾಲಿಗೆ ಮೇಲಕ್ಕೆದ್ದು ಬಾಯಿ ತುಂಬಿಕೊಂಡಿತ್ತು. ಜೊಲ್ಲು ನುಂಗಲಾಗದೆ ಸೋರುತ್ತಿತ್ತು. ಮುಂದಕ್ಕೆ ಬಾಗಿ ಉಸಿರನ್ನು ಎಳೆದೆಳೆದು ತೆಗೆದುಕೊಳ್ಳುತ್ತಿದ್ದಳು.

ಅವಳ ದನಿ ಯಾವಾಗ ಕೆಟ್ಟಿತ್ತು? ಬೆಳಿಗ್ಗೆಯೋ, ಹಿಂದಿನ ದಿನವೋ? ನನಗೆ ಗೊತ್ತಿಲ್ಲ. ಮನೆಯವರಿಗೆ, ಬಂದು ಹೋದ ಗಿರಾಕಿಗಳಿಗೆ, ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಪಿನ್ ಅಂದುಕೊಂಡೆವು.

ನನ್ನ ಕೂಗಿಗೆ ನರ್ಸಕ್ಕ ಓಡಿ ಬಂದು ಅಮ್ಮನ ಗದ್ದದ ಕೆಳಗೆ ಬೆರಳಿಟ್ಟಳು. ಅಲ್ಲಿ ಹಲಗೆಯಷ್ಟು ಗಟ್ಟಿಯಾಗಿತ್ತು.

"ಮಲಗಿಸ್ಬೇಡಿ! ಕೂತ ಹಾಗೇ ಕರ್ಕೊಂಡು ಹೋಗೋಣ. ನೀರೂ ಕುಡಿಸ್ಬೇಡಿ. ಗಾಡಿ ತನ್ನಿ, ಬೇಗ!"

ಅಪ್ಪ ಬಿಸಿ ಬಟ್ಟೆ ಹಿಡಿದು ನಿಂತೇ ಇದ್ದ. "ನಾನು ಶಾಖ ಕೊಟ್ಟಿದ್ದಕ್ಕೇ ಹೀಗಾಯ್ತಾ?" ಎಂದು ಕೇಳಿದ. ನರ್ಸಕ್ಕ ಅವನನ್ನು ಗಾಡಿ ತರಲು ಬಾಗಿಲತ್ತ ತಳ್ಳಿದಳು.

ಆಸ್ಪತ್ರೆಯಲ್ಲಿ ಅಮ್ಮನನ್ನು ನೇರವಾಗಿ ಒಳಗೆ ಒಯ್ದರು. ಬಹಳ ಹೊತ್ತಿನ ಮೇಲೆ ಡಾಕ್ಟರ್ ಹೊರಗೆ ಬಂದರು. "ಕೀವು ಕುತ್ತಿಗೆಗೆ ಇಳಿದಿದೆ. ಇನ್ನು ಒಂದೆರಡು ಗಂಟೆ ತಡ ಮಾಡಿದ್ರೆ ಉಸಿರಿನ ದಾರೀನೇ ಮುಚ್ಚಿಹೋಗ್ತಿತ್ತು."

"ಒಂದು ಹಲ್ಲಿಂದಾನಾ ಡಾಕ್ಟ್ರೇ?" ಅಂದ ಅಪ್ಪ.

"ಒಂದೇ ಹಲ್ಲಿಂದ. ಶುಗರ್ ಜಾಸ್ತಿ ಇತ್ತು, ಅದಕ್ಕೇ ಇಷ್ಟು ಬೇಗ ಹರಡಿದೆ."

ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಗಂಟಲಿಗೆ ಕೊಳವೆ ಹಾಕಿದರು. ಐದು ದಿನ ಅಮ್ಮನಿಗೆ ಮಾತಿಲ್ಲ. ನಾನು ಹಾಸಿಗೆಯ ಪಕ್ಕ ಕೂತು ಅವಳ ಎದೆ ಏರುವುದನ್ನೇ ನೋಡುತ್ತಿದ್ದೆ. ಸ್ವಲ್ಪ ನಿಧಾನವಾದರೂ ಜೀವ ಬಾಯಿಗೆ ಬರುತ್ತಿತ್ತು.

ಅಮ್ಮ ಉಳಿದಳು. ಆ ಹಲ್ಲು ಹೋಯಿತು. ಉಳಿದ ಹಲ್ಲು, ಒಸಡುಗಳನ್ನು ಸ್ವಚ್ಛ ಮಾಡಿಸಿದೆವು. ಮೂರು ತಿಂಗಳಲ್ಲಿ, ಅದೇ ಮಾತ್ರೆಯಲ್ಲೇ, ಶುಗರ್ ಇಳಿಯಿತು. ಅಪ್ಪ ತಾನೇ ಹೋಗಿ ತೋರಿಸಿಕೊಂಡು ಎರಡು ಹುಳುಕು ಹಲ್ಲು ತುಂಬಿಸಿಕೊಂಡು ಬಂದ. ಈಗ ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಮೂವರೂ ಮೆತ್ತನೆಯ ಬ್ರಶ್ ಹಿಡಿದು ಸಾಲಾಗಿ ನಿಲ್ಲುತ್ತೇವೆ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ಒಸಡಲ್ಲಿ ರಕ್ತ ಬಂದರೆ, ಹಲ್ಲು ಅಲುಗಾಡಿದರೆ, ಬಾಯಿ ವಾಸನೆ ಹೋಗದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಶುಗರ್ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ಏನೂ ನೋವಿಲ್ಲದಿದ್ದರೂ ಹೋಗಿ. ಮುಖ ಅಥವಾ ಕುತ್ತಿಗೆ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟವಾದರೆ ಶಾಖ ಕೊಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಈ ಕಾಗದ ಪಕ್ಕಕ್ಕಿಟ್ಟು ಈಗಲೇ ನಿಮ್ಮ ಮನೆಯವರನ್ನು ಕೂಗಿ, ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ ನೋಡಿ. ನಮಗೆ ಒಂದೆರಡು ಗಂಟೆ ಉಳಿದಿತ್ತು. ನಿಮಗೆ ಎಷ್ಟು ಉಳಿದಿದೆಯೋ ನನಗೆ ಗೊತ್ತಿಲ್ಲ.