ಸುಕ್ಕಿಲ್ಲದ ಹಾಸಿಗೆ

ಮನೆ ಅಳಿಯನಾಗುವುದೇ ಒಂದು ಪಾಡು. ಇನ್ನು ಇಡೀ ದೇಶಕ್ಕೇ ಮನೆ ಅಳಿಯನಾದವನ ಗತಿ ಕೇಳಬೇಕೆ? ಅತ್ತೆಗಾದರೂ ಒಮ್ಮೆ ಹಿಡಿಸಿದರೆ ಆಯಿತು, ಸರ್ಕಾರಕ್ಕೆ ವರ್ಷ ವರ್ಷವೂ ಹಿಡಿಸಬೇಕು. ಗಾದಿಯಪ್ಪನ ವೀಸಾದ ಮೇಲೆ ‘ಪತ್ನಿಯ ಆಧಾರದಲ್ಲಿ ವಾಸ’ ಎಂದು ಅಚ್ಚಾಗಿತ್ತು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ, ಎಷ್ಟು ಗಂಭೀರವಾಗಿ ಬರೆದರೂ ಅರ್ಥ ಇಷ್ಟೇ. ಈ ದೇಶದವಳಾದ ಹೆಂಡತಿ ಜೊತೆಯಲ್ಲಿ ಬಾಳುತ್ತಿದ್ದರೆ ಇವನು ಇಲ್ಲಿರಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಗಾದಿಯಪ್ಪ ಎಂಬುದು ಅತ್ತೆ ಇಟ್ಟ ಹೆಸರು. ಹಳೆಯ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಕುಸಿದ ಸ್ಪ್ರಿಂಗು ಕಿತ್ತು, ಹೊಸ ಹತ್ತಿ ತುಂಬಿ ಬಟ್ಟೆ ಹೊದಿಸುವುದು ಅವನ ಕಸುಬು. ಸಂಜೆ ಮನೆಗೆ ಬಂದನೆಂದರೆ ತಲೆಯಲ್ಲಿ ಹತ್ತಿ, ಜೇಬಿನಲ್ಲಿ ಚಿಕ್ಕ ಮೊಳೆ, ಸಾಕ್ಸಿನಲ್ಲಿ ದಾರದ ತುಂಡು. ಅವನು ಯಾವ ಕೋಣೆಯಿಂದ ಯಾವ ಕೋಣೆಗೆ ಹೋದ ಎಂದು ಕೇಳಬೇಕಾಗಿರಲಿಲ್ಲ, ನೆಲ ನೋಡಿದರೆ ಸಾಕಾಗಿತ್ತು.

ಅವನ ಹೆಂಡತಿಯೋ, ಹನ್ನೊಂದು ವರ್ಷದಿಂದ ದೊಡ್ಡ ಹೋಟೆಲೊಂದರಲ್ಲಿ ರೂಮು ಶುಚಿ ಮಾಡುವವಳು. ದಿನಕ್ಕೆ ಹದಿನಾಲ್ಕು ರೂಮು, ಒಂದೊಂದಕ್ಕೆ ಇಪ್ಪತ್ತೈದು ನಿಮಿಷ. ಆ ಕೆಲಸದಲ್ಲಿ ನಿಯಮ ಒಂದೇ. ನಿನ್ನೆ ಇಲ್ಲಿ ಇನ್ಯಾರೋ ಮಲಗಿದ್ದರು ಎಂಬುದು ಇವತ್ತು ಬಂದವನಿಗೆ ಗೊತ್ತಾಗಬಾರದು. ಬೇಸಿನ್ನಿನಲ್ಲಿ ಒಂದು ಕೂದಲು ಸಿಕ್ಕರೂ ಮೇಲ್ವಿಚಾರಕಿ ಎಲ್ಲರನ್ನೂ ಕರೆದು, ಕಳ್ಳನನ್ನು ಹಿಡಿದವಳಂತೆ ಅದನ್ನು ಎತ್ತಿ ತೋರಿಸುತ್ತಿದ್ದಳು. ಇವಳ ರೂಮಿನಲ್ಲಿ ಮಾತ್ರ ಹನ್ನೊಂದು ವರ್ಷದಲ್ಲಿ ಒಂದೂ ಸಿಕ್ಕಿರಲಿಲ್ಲ, ಆ ಜಂಭ ಅವಳಿಗಿತ್ತು.

ಇಂಥ ಇಬ್ಬರನ್ನು ಗಂಟು ಹಾಕಿದ ದೇವರಿಗೆ ಅವತ್ತು ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ. ಹೋಟೆಲಿನ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಬಂದ ಗಾದಿಯಪ್ಪ, ಅವಳು ಆಗ ತಾನೇ ಗುಡಿಸಿದ ಹಾಸುಗಂಬಳಿಯ ಮೇಲೆ ಹತ್ತಿ ಉದುರಿಸಿದ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತು ಐದು ನಿಮಿಷ ಬಿಡದೆ ಬೈದಳು. ಭಾಷೆ ಅರ್ಧಂಬರ್ಧ ಬರುತ್ತಿದ್ದ ಅವನಿಗೆ ಬೈಗುಳ ಬಹಳ ಇಂಪಾಗಿ ಕೇಳಿಸಿತು. ಮರುದಿನ ಇನ್ನೊಂದು ಹಿಡಿ ಹತ್ತಿ ಬೇಕೆಂದೇ ಉದುರಿಸಿದ. ವರ್ಷ ತುಂಬುವುದರೊಳಗೆ ಮದುವೆಯಾಯಿತು.

ಮೂರನೆಯ ವರ್ಷ ವೀಸಾ ಮುಂದುವರಿಸಲು ಅರ್ಜಿ ಹಾಕಿದಾಗ ವಲಸೆ ಕಚೇರಿಯಿಂದ ಕಾಗದ ಬಂತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆ, ಗಂಡ ಹೆಂಡತಿ ನಿಜವಾಗಿಯೂ ಒಂದೇ ಸೂರಿನಡಿ ಬಾಳುತ್ತಿದ್ದಾರೆಯೇ ಎಂದು ನೋಡುತ್ತಾರೆ, ಅವರ ವರದಿ ಸರಿಯಿದ್ದರೆ ವೀಸಾ, ಇಲ್ಲವಾದರೆ ಇಲ್ಲ.

“ನೋಡ್ಲಿ ಬಿಡು, ಒಟ್ಟಿಗೇ ಇದ್ದೀವಲ್ಲ,” ಎಂದ ಗಾದಿಯಪ್ಪ.

“ಸರ್ಕಾರದೋರು ಮನೆಗೆ ಬರೋದು ಅಂದ್ರೆ ಹುಡುಗಾಟನಾ? ಈ ಕೊಳೆ ನೋಡಿ ಏನಂದ್ಕೋಬೇಕು ಅವರು?”

“ಮದುವೆ ನೋಡೋಕೆ ಬರ್ತಿರೋದು ಕಣೇ, ನೆಲ ನೋಡೋಕಲ್ಲ.”

“ನೀನು ಸುಮ್ನಿರು. ನಿಂಗೇನು ಗೊತ್ತಾಗುತ್ತೆ.”

ಹೆದರಿದಾಗ ಕೆಲವರು ದೇವರ ಮೊರೆ ಹೋಗುತ್ತಾರೆ, ಕೆಲವರು ತಿಂಡಿ ಡಬ್ಬಿಯ ಮೊರೆ ಹೋಗುತ್ತಾರೆ. ಅವಳು ಪೊರಕೆ ಹಿಡಿದಳು. ಎರಡು ದಿನ ರಜೆ ಹಾಕಿ ಮನೆಯನ್ನು ಮೇಲಿನಿಂದ ಕೆಳಗೆ ಉಜ್ಜಿದಳು. ಫ್ಯಾನಿನ ರೆಕ್ಕೆ ಒರೆಸಿದಳು, ಗ್ಯಾಸ್ ಒಲೆಯ ಗುಬುಟುಗಳನ್ನು ಕಿತ್ತು ತೊಳೆದಳು. ಎಷ್ಟು ಉಜ್ಜಿದರೂ ಗಂಡನ ಸಾಮಾನು ಮಾತ್ರ ಉದುರಿಸುತ್ತಲೇ ಇತ್ತು. ಅವನ ಕೆಲಸದ ಬಟ್ಟೆಯಿಂದ ಹತ್ತಿ, ಬೂಟಿನಿಂದ ಧೂಳು, ಚೀಲದಿಂದ ಮೊಳೆ. ಕೊನೆಗೆ ಬೇಸತ್ತು, ಅವನದೆಲ್ಲವನ್ನೂ ಮೂರು ಪೆಟ್ಟಿಗೆಗೆ ತುಂಬಿ, ಕೆಳಗಿನ ಮಹಡಿಯಲ್ಲಿದ್ದ ತಾಯಿಯ ಮನೆಗೆ ಸಾಗಿಸಿದಳು. ಕೈಯಲ್ಲಿ ಪೊರಕೆ ಇರುವ ಹೆಂಡತಿಯ ಜೊತೆ ವಾದ ಮಾಡಬಾರದು ಎಂಬ ಬುದ್ಧಿ ಗಾದಿಯಪ್ಪನಿಗೆ ಮದುವೆಯಾದ ತಿಂಗಳಲ್ಲೇ ಬಂದಿತ್ತು. ಅವನೇ ಪೆಟ್ಟಿಗೆ ಹೊತ್ತುಕೊಟ್ಟ.

ಗುರುವಾರ ಬಂದ ಅಧಿಕಾರಿ ಐವತ್ತು ದಾಟಿದ, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಹೆಂಗಸು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಮನೆ ಸುತ್ತಿ ನೋಡಿದರು. ಮಂಚದ ಮೇಲೆ ನಾಣ್ಯ ಎಸೆದರೆ ಪುಟಿಯುವಷ್ಟು ಬಿಗಿಯಾಗಿ ಬಿಳಿ ಹೊದಿಕೆ. ಎರಡು ದಿಂಬೂ ಗುದ್ದಿ ನಿಲ್ಲಿಸಿ, ಒಂದರ ಮೇಲೂ ತಲೆಯ ಗುರುತಿಲ್ಲ. ಬಚ್ಚಲಿನಲ್ಲಿ ಬೀಸಣಿಗೆಯಂತೆ ಮಡಚಿದ ಟವೆಲ್, ಹೊದಿಕೆ ಬಿಚ್ಚದ ಪುಟ್ಟ ಸೋಪು, ಬೋರಲು ಹಾಕಿದ ಲೋಟದ ಮೇಲೆ ಕಾಗದದ ಟೋಪಿ. ಟಾಯ್ಲೆಟ್ ಪೇಪರಿನ ತುದಿಯನ್ನು ಕೂಡ ಹೋಟೆಲಿನ ರೂಮಿನಂತೆ ತ್ರಿಕೋನವಾಗಿ ಮಡಚಲಾಗಿತ್ತು! ಪಾಪ, ಕೈ ತನ್ನ ಪಾಡಿಗೆ ತಾನು ಮಡಚಿತ್ತು, ಅವಳಿಗೆ ಗೊತ್ತೂ ಇರಲಿಲ್ಲ.

ಅಧಿಕಾರಿ ಆ ತ್ರಿಕೋನವನ್ನು ಬಹಳ ಹೊತ್ತು ನೋಡಿದರು.

“ಇವರ ಹಲ್ಲುಜ್ಜೋ ಬ್ರಷ್ ಎಲ್ಲಿ?”

“ಕೆಳಗಿದೆ ಮೇಡಂ,” ಎಂದಳು ಹೆಂಡತಿ.

“ಬೂಟು?”

“ಅದೂ ಕೆಳಗಿದೆ.”

“ಬಟ್ಟೆ?”

ಹೆಂಡತಿ ಕೆಳಗೆ ಕೈ ತೋರಿಸಿದಳು. ಅಷ್ಟರಲ್ಲಿ, ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಅತ್ತೆ, ಮಗಳ ಮಾನ ಉಳಿಸಲೇಬೇಕೆಂದು ಒಳನುಗ್ಗಿದಳು. ಹರಕು ಬಾಯಿ, ಹಾಲಿನಂಥ ಮನಸ್ಸು.

“ಅವನದೆಲ್ಲಾ ನಮ್ಮನೇಲಿದೆ ಮೇಡಂ! ಒಂದು ಚೂರೂ ಇಲ್ಲಿ ಬಿಟ್ಟಿಲ್ಲ. ಬೇಕಾದ್ರೆ ಬನ್ನಿ, ತೋರಿಸ್ತೀನಿ.”

ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ. ಅಧಿಕಾರಿ ಕನ್ನಡಕ ಏರಿಸಿಕೊಂಡು ಬರೆದುಕೊಂಡರು. ಬರೆಯುವಾಗ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸವಿತ್ತು ಅವರಿಗೆ. “ಪತ್ನಿಯ ಮನೆಯಲ್ಲಿ ಪತಿ ವಾಸವಿರುವ ಯಾವ ಲಕ್ಷಣವೂ ಕಾಣಲಿಲ್ಲ.”

“ಅಯ್ಯೋ, ಶುಚಿ ಮಾಡೋಕೆ ಅಂತ ಕಳಿಸಿದ್ದು ಮೇಡಂ,” ಎಂದ ಗಾದಿಯಪ್ಪ. “ಇವಳು ಹೋಟೆಲ್ ಕೆಲಸದೋಳು, ಕೈ ಸುಮ್ನಿರಲ್ಲ.”

“ಹೀಗೆ ಹೇಳೋರು ದಿನಾ ನಾಲ್ಕು ಜನ ಸಿಗ್ತಾರೆ. ಹದಿನೈದು ದಿನದೊಳಗೆ ಇನ್ನೊಂದು ಸಲ ಬರ್ತೀನಿ. ಹೇಳಿ ಬರಲ್ಲ. ಅವತ್ತು ಏನು ಬರೀತೀನೋ ಅದೇ ಕೊನೆ.”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ಇವರಿಗೆ ಸಿಕ್ಕಿದ್ದು ಹದಿನೈದು ದಿನ.

ಆ ಸಂಜೆಯೇ ಮನೆಯ ಯಜಮಾನಿಕೆ ಅತ್ತೆಯ ಕೈಗೆ ಹೋಯಿತು. ಮೂರು ಪೆಟ್ಟಿಗೆ ಮೇಲೆ ಬಂದವು, ಜೊತೆಗೆ ಬೇಡವಾದ್ದೂ ಬಂತು. ಅವನ ಬೂಟು ಮಲಗುವ ಕೋಣೆಗೆ, ಅಂಗಿ ದೀಪದ ಕಂಬಕ್ಕೆ, ಮೊಳೆ ಡಬ್ಬಿ ಊಟದ ಮೇಜಿಗೆ. ಮದುವೆಯ ಫೋಟೋ ಒಂದಿದ್ದದ್ದು ಆರಾಯಿತು, ಒಂದನ್ನು ಅಡುಗೆಮನೆಯ ಸಿಂಕಿನ ಮೇಲೂ ತೂಗುಹಾಕಿದಳು. “ಪಾತ್ರೆ ತೊಳೀವಾಗ್ಲೂ ಗಂಡನ್ನ ನೆನೆಸ್ಕೋತಾಳೆ ಅಂತ ಗೊತ್ತಾಗ್ಲಿ,” ಎಂದು ಸಮಜಾಯಿಷಿ ಬೇರೆ. ಹೊರಡುವಾಗ ಪೊರಕೆ, ಒರೆಸುವ ಬಟ್ಟೆ, ಧೂಳು ಹೀರುವ ಯಂತ್ರ ಎಲ್ಲವನ್ನೂ ಬಾಚಿಕೊಂಡು ಹೋದಳು. “ಆ ಅಮ್ಮ ಬಂದು ಹೋಗೋವರೆಗೂ ಒಂದು ಹುಲ್ಲುಕಡ್ಡಿ ಎತ್ತಿಟ್ರೆ ನೋಡು ಮತ್ತೆ!”

ಮೊದಲೆರಡು ದಿನ ಗಾದಿಯಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಟವೆಲ್ಲು ಎಲ್ಲಿ ಬಿಚ್ಚಿದನೋ ಅಲ್ಲೇ. ಸಾಕ್ಸು ಎಲ್ಲಿ ಬಿತ್ತೋ ಅದೇ ಅದರ ಮನೆ. ಮೂರನೆಯ ದಿನ ಬಟ್ಟಲು ಹುಡುಕಿ ಹುಡುಕಿ ಸುಸ್ತಾಯಿತು. ಐದನೆಯ ದಿನ ಮೊಳೆಯೊಂದು ಅವನ ಅಂಗಾಲಿಗೇ ಚುಚ್ಚಿತು. ಮಾಡಿದ್ದುಣ್ಣೋ ಮಹಾರಾಯ! ಅವನಿಗಾದರೂ ಅದು ಚುಚ್ಚಿ ಹೋಯಿತು. ಹೆಂಡತಿಗೆ ಮನೆಯೇ ಮುಳ್ಳಿನ ಹಾಸಿಗೆಯಾಗಿತ್ತು. ಕಣ್ಣು ಮುಚ್ಚಿದರೆ ಮೂಲೆಯ ಧೂಳು ಕಾಣುತ್ತದೆ ಎನ್ನುತ್ತಿದ್ದಳು. ನಿದ್ದೆ ಬಿಟ್ಟಳು, ಬೈಯುವುದನ್ನೂ ಬಿಟ್ಟಳು. ಗಾದಿಯಪ್ಪನಿಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗ.

ಒಂಬತ್ತನೆಯ ದಿನ ಅವನು ಕೆಲಸ ಮುಗಿಸಿ ಬಂದಾಗ ಅವಳು ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಇನ್ನೂ ಹೋಟೆಲಿನ ಸಮವಸ್ತ್ರದಲ್ಲೇ.

“ಬೀಗದ ಕೈ ಮರೆತ್ಯಾ?”

“ಇಲ್ಲ. ಒಳಗೆ ಕೂರೋಕಾಗ್ತಿಲ್ಲ.” ಅವಳು ಗೋಡೆಯತ್ತ ತಿರುಗಿ ಹೇಳಿದಳು. “ಅವರು ಬೇಡ ಅಂತ ಬರೆದ್ರೆ ಏನ್ ಮಾಡೋದು? ನಾನೇ ಕಣೋ ನಿನ್ನ ಗುಡಿಸಿ ಹೊರಗೆ ಹಾಕ್ದೆ.”

ಅವನು ಪಕ್ಕದಲ್ಲಿ ಕೂತ. ಹೊರಟುಹೋಗಬೇಕಾಗಿ ಬಂದರೆ ಅವನೇನೂ ಬೀದಿಗೆ ಬೀಳುತ್ತಿರಲಿಲ್ಲ. ತನ್ನ ಊರಿನಲ್ಲಿ ಅಣ್ಣ ಇದ್ದ, ಕುರ್ಚಿ ಸೋಫಾ ಎಲ್ಲ ಊರಿನಲ್ಲೂ ಹರಿಯುತ್ತವೆ. ಆದರೆ ಇವಳಿಲ್ಲದ ಸಂಜೆ ಹೇಗಿರುತ್ತದೆಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟ. “ನೀನಿಲ್ದೆ ನಂಗಾಗಲ್ಲ,” ಎಂದ. ಮೂರು ವರ್ಷದಲ್ಲಿ ಇಷ್ಟು ನೇರವಾಗಿ ಅವನು ಹೇಳಿದ್ದು ಇದೇ ಮೊದಲು. ಅವಳು ಅವನ ಕೂದಲಿನಿಂದ ಹತ್ತಿಯ ಎಳೆಯೊಂದನ್ನು ತೆಗೆದು, ಎಲ್ಲಿ ಹಾಕಬೇಕೆಂದು ತಿಳಿಯದೆ, ತನ್ನ ಜೇಬಿಗೆ ಹಾಕಿಕೊಂಡಳು.

ಹನ್ನೆರಡನೆಯ ದಿನ ಸಂಜೆ, ಇಬ್ಬರೂ ಮನೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅಧಿಕಾರಿ ಈ ಸಲವೂ ಏದುಸಿರು ಬಿಡುತ್ತಾ ಬಂದರು. ದೀಪದ ಕಂಬದ ಅಂಗಿ ನೋಡಿದರು. ಸಿಂಕಿನ ಮೇಲಿನ ಮದುಮಗನನ್ನು ನೋಡಿದರು. ಮಲಗುವ ಕೋಣೆಗೆ ಬಂದು, ಮಂಚದ ಪಕ್ಕದಲ್ಲಿ ಮೆರವಣಿಗೆ ಹೊರಟಂತಿದ್ದ ನಾಲ್ಕು ಜೊತೆ ಬೂಟುಗಳನ್ನು ದಾಟಿ, ಅಲ್ಲಿದ್ದ ಕುರ್ಚಿಯಲ್ಲಿ ಧೊಪ್ಪೆಂದು ಕೂತರು.

“ಹೋದ ಸಲ ನಂಗೋಸ್ಕರ ಗುಡಿಸಿದ್ರಿ. ಈ ಸಲ ನಂಗೋಸ್ಕರ ಹರಡಿದೀರಿ,” ಎಂದರು. “ನೀವಿಬ್ರೂ ಈ ಮನೇಲಿ ಬದುಕೋದು ಯಾವಾಗ?”

ಕೋಪದ ದನಿಯಾಗಿರಲಿಲ್ಲ, ಆಯಾಸದ ದನಿ. ಅದೇ ಹೆಚ್ಚು ಹೆದರಿಸಿತು. ಗಾದಿಯಪ್ಪ ಹೆಂಡತಿಯ ಕಡೆ ನೋಡಿದ. ಹನ್ನೆರಡು ದಿನದ ನಿದ್ದೆಗೇಡಿನಿಂದ ಅವಳ ಕಣ್ಣು ಬಾತುಕೊಂಡಿದ್ದವು. ಕೈಬೆರಳು ಅಂಗಿಯ ಚುಂಗು ಹಿಡಿದು ಮಡಚುವುದು, ಬಿಡುವುದು, ಮಡಚುವುದು. ಇವಳನ್ನು ಉಳಿಸಿಕೊಳ್ಳಲು ಇವಳನ್ನೇ ಸಾಯಿಸುತ್ತಿದ್ದೇನೆ ಎನ್ನಿಸಿತು ಅವನಿಗೆ. ಸಾಕು ಈ ನಾಟಕ.

“ಬೇಡ ಅಂತಲೇ ಬರ್ಕೊಳಿ ಮೇಡಂ,” ಎಂದ. “ಇವಳು ನಿದ್ದೆ ಮಾಡಿ ಹನ್ನೆರಡು ದಿನ ಆಯ್ತು. ನಂಗೆ ವೀಸಾ ಸಿಗ್ಲಿ ಬಿಡ್ಲಿ, ಇವತ್ತು ಇವಳು ಒಳ್ಳೆ ಹಾಸಿಗೆ ಮೇಲೆ ಮಲಗ್ಬೇಕು.”

ಹೀಗೆ ಹೇಳಿದವನೇ ಮಂಚದ ಮೇಲಿದ್ದ ಮುದ್ದೆಯಾದ ಹೊದಿಕೆಯನ್ನು ಎಳೆದು ನೆಲಕ್ಕೆ ಹಾಕಿದ. ಬೀರು ತೆಗೆದು ಒಗೆದ ಬಿಳಿ ಹಾಸನ್ನು ಹೊರತೆಗೆದ. ಅವನು ತಿರುಗುವಷ್ಟರಲ್ಲಿ ಅವಳು ಮಂಚದ ಆಚೆ ಬದಿಗೆ ಹೋಗಿ ನಿಂತಾಗಿತ್ತು. ಅವನು ಒಂದು ಅಂಚು ಎಸೆದ, ಅವಳು ನೋಡದೆಯೇ ಹಿಡಿದಳು. ಇಬ್ಬರ ಕೈಯೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಹಾಸು ಗಾಳಿ ತುಂಬಿಕೊಂಡು ಮೇಲೇರಿ, ಮಂಚದ ನಡುಮಧ್ಯಕ್ಕೆ ಬಂದು ಕೂತಿತು. ಅವಳು ಮೂಲೆ ಸಿಕ್ಕಿಸಲು ಬಗ್ಗುವ ಹೊತ್ತಿಗೆ ಸರಿಯಾಗಿ ಅವನು ಹಾಸಿಗೆ ಎತ್ತಿ ಹಿಡಿದ. ಅವಳು ಕೈ ಎಳೆದುಕೊಂಡ ತಕ್ಷಣ ಬಿಟ್ಟ. ಕಾಲ ಬದಿಯ ಎಡಮೂಲೆಯನ್ನು ಅವನು ಸಡಿಲವಾಗಿ ಮಡಚಿದ. ಅವಳು ಬಂದು ಬಿಚ್ಚಿ ಮತ್ತೆ ಮಡಚಿದಳು, ಅವಳು ಬರುವ ಮೊದಲೇ ಅವನು ದಾರಿ ಬಿಟ್ಟು ಸರಿದಿದ್ದ. ದಿಂಬನ್ನು ಗದ್ದಕ್ಕೆ ಒತ್ತಿಕೊಂಡು ಗವಸಿನ ಬಾಯಿಗೆ ಕಾದ, ಅವಳು ಗವಸು ಅಗಲಿಸಿ ಹಿಡಿದಳು. ಇಷ್ಟರಲ್ಲಿ ಇಬ್ಬರೂ ಒಂದೂ ಮಾತಾಡಲಿಲ್ಲ, ಒಂದು ಸಲವೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ ಇದ್ದದ್ದು ಒಂದೂವರೆ ಅಡಿ ಜಾಗ.

ಅಧಿಕಾರಿಯ ಪೆನ್ನು ಕೈಯಲ್ಲೇ ನಿಂತಿತ್ತು.

“ಎಷ್ಟು ದಿನದಿಂದ ಹೀಗೆ ಮಾಡ್ತಿದೀರಿ?” ಎಂದು ಕೇಳಿದರು.

“ಏನನ್ನ?” ಎಂದಳು ಹೆಂಡತಿ.

ಗಾದಿಯಪ್ಪನಿಗೂ ಪ್ರಶ್ನೆ ಅರ್ಥವಾಗಲಿಲ್ಲ. ಅವನು ತಪ್ಪು ಮಾಡಿದವನಂತೆ ಎಡಮೂಲೆಯನ್ನು ಇನ್ನೊಮ್ಮೆ ನೋಡಿದ.

ಅಧಿಕಾರಿ ನಕ್ಕರು. ಕನ್ನಡಕ ಏರಿಸಿಕೊಂಡು, ಫೈಲು ಬಿಚ್ಚಿ, ಅಭ್ಯಾಸದಂತೆ ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆದರು. “ಒಟ್ಟಿಗೆ ಬಾಳುತ್ತಿದ್ದಾರೆ. ಅನುಮಾನವಿಲ್ಲ. ವೀಸಾ ಮೂರು ವರ್ಷಕ್ಕೆ ಮುಂದುವರಿಸಬಹುದು.”

ಗಾದಿಯಪ್ಪ ಹೊಸ ಹಾಸಿನ ಮೇಲೇ ಕುಸಿದು ಕೂತ. ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನ. ಹೆಂಡತಿಯನ್ನು ಕೂಗಿ ಹೇಳೋಣವೆಂದರೆ ಅವಳು ಕೋಣೆಯಲ್ಲೇ ಇರಲಿಲ್ಲ. ಮೂರು ವರ್ಷ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದಡದಡನೆ ಕೆಳಗಿಳಿದು, ಅತ್ತುಕೊಂಡೇ ಮೇಲೆ ಬಂದಿದ್ದಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಕೈಯಲ್ಲಿ ಪೊರಕೆ ಇತ್ತು.

“ಏಳೋ ಮೇಲೆ, ಸುಕ್ಕಾಗುತ್ತೆ!” ಎಂದು ಗಂಡನಿಗೆ ಗದರಿದಳು. ಹನ್ನೆರಡು ದಿನದ ಮೇಲೆ ಬಿದ್ದ ಮೊದಲ ಬೈಗುಳ. ಅವನು ಹಲ್ಲು ಕಿರಿಯುತ್ತಾ ಎದ್ದು ನಿಂತ. ಅವಳು ಮೂಗೊರೆಸಿಕೊಂಡು ಕುರ್ಚಿಯ ಕಡೆ ತಿರುಗಿದಳು.

“ಮೇಡಂ, ಸ್ವಲ್ಪ ಕಾಲೆತ್ತಿ.”

ಅಧಿಕಾರಿ ಫೈಲನ್ನು ಎದೆಗವಚಿಕೊಂಡು ಎರಡೂ ಕಾಲು ಎತ್ತಿದರು.